ಹಾಲು ಇಳಿಯುವ ವೇಗ: ಅಂಕ, ಸರಾಸರಿ, ಎರಡು ನಿಮಿಷದ ತೂಕ

ಭಾಲ್ಕಿ ತಾಲ್ಲೂಕಿನ ನಮ್ಮ ಕೊಟ್ಟಿಗೆಯಲ್ಲಿ ಯಂತ್ರದಿಂದ ಹಿಂಡುವ ಒಂಬತ್ತು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಆಕಳುಗಳಿವೆ. ಯಾವ ಆಕಳಿನ ಹೆಣ್ಣುಗರುವನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸುವಾಗ ಹಾಲಿನ ಪ್ರಮಾಣದ ಜೊತೆಗೆ ಅದು ಇಳಿಯುವ ವೇಗವನ್ನೂ ನೋಡಬೇಕೆಂದು, ಮೂರು ವಿಧಾನಗಳನ್ನು ಇವೇ ಆಕಳುಗಳ ಮೇಲೆ ಪ್ರಯೋಗಿಸಿದೆ. ಶುದ್ಧ ದೇವಣಿ ತಳಿಯ ಆಕಳುಗಳನ್ನು ಬೇಕೆಂದೇ ಹೊರಗಿಟ್ಟೆ. ನಮ್ಮಲ್ಲಿರುವ ದೇವಣಿಗಳು ಕರು ಬಾಯಿ ಹಾಕದೆ ಹಾಲು ಇಳಿಸುವುದಿಲ್ಲ, ಹಾಗಾಗಿ ಯಂತ್ರದಿಂದ ಅಳೆದರೆ ಮೊಲೆತೊಟ್ಟಿನ ರಂಧ್ರದ ಗುಣಕ್ಕಿಂತ ಆಕಳಿನ ಸ್ವಭಾವವೇ ಅಂಕಿಯಾಗಿ ಬರುತ್ತದೆ.

ಅಂಕ ಕೊಡುವುದು ಎಲ್ಲಕ್ಕಿಂತ ಸುಲಭ. ತೀರಾ ನಿಧಾನಕ್ಕೆ 1, ತೀರಾ ಬೇಗಕ್ಕೆ 5 ಎಂದು ನಾನೂ ಅತ್ತಿಗೆಯೂ ಬೇರೆಬೇರೆಯಾಗಿ ಬರೆದೆವು. ಒದೆಯುವ ಚಟದ ಲಕ್ಷ್ಮಿಗೆ ಅತ್ತಿಗೆ 2 ಕೊಟ್ಟಿದ್ದರು. ಅಳೆದಾಗ ಅದು ವೇಗದಲ್ಲಿ ಮೂರನೆಯ ಸ್ಥಾನದಲ್ಲಿತ್ತು. "ಅದರ ಹತ್ರ ಕುಂತ್ರ ಹೊತ್ತೇ ಹೋಗಂಗಿಲ್ಲ" ಎಂದರು. ಒಂದು ಹೋರಿಯ ನೂರಾರು ಹೆಣ್ಣುಸಂತತಿಯ ಅಂಕಗಳನ್ನು ಒಟ್ಟುಗೂಡಿಸುವ ದೊಡ್ಡ ತಳಿ ಕಾರ್ಯಕ್ರಮಗಳಲ್ಲಿ ಇಂಥ ಏರುಪೇರು ಬಹುಮಟ್ಟಿಗೆ ಸರಿದೂಗುತ್ತದೆ, ಒಂಬತ್ತು ಆಕಳುಗಳಲ್ಲಿ ಸರಿದೂಗುವುದಿಲ್ಲ.

ಒಟ್ಟು ಹಾಲನ್ನು ಒಟ್ಟು ನಿಮಿಷಗಳಿಂದ ಭಾಗಿಸುವ ಸರಾಸರಿ ನೋಡಲು ನಿಖರವೆನಿಸುತ್ತದೆ. ಆದರೆ ಒಂದು ಆಕಳು ನಾಲ್ಕು ನಿಮಿಷಕ್ಕೆ 6 ಕಿಲೋ, ಅಂದರೆ ನಿಮಿಷಕ್ಕೆ 1.5 ಕಿಲೋ ಕೊಟ್ಟಿತೆಂದು ಬರೆದುಕೊಂಡ ದಿನ, ಪಾರದರ್ಶಕ ಕೊಳವೆಯಲ್ಲಿ ಕೊನೆಯ ಒಂದು ನಿಮಿಷ ಹಾಲೇ ಹರಿದಿರಲಿಲ್ಲ; ಮೊಲೆತೊಟ್ಟುಗಳಿಗೆ ಹಾಕಿದ ಯಂತ್ರದ ಕಪ್‌ಗಳನ್ನು ತೆಗೆಯುವುದರಲ್ಲಿ ನಾನು ತಡಮಾಡಿದ್ದೆ. ನಿಜವಾದ ವೇಗ ನಿಮಿಷಕ್ಕೆ 2 ಕಿಲೋ. ನನ್ನ ಸೋಮಾರಿತನ ಆಕಳಿನ ಲೆಕ್ಕಕ್ಕೆ ಸೇರಬಾರದು.

ಆದ್ದರಿಂದ ನಾನು ಒಪ್ಪಿಕೊಂಡದ್ದು ಮೊದಲ ಎರಡು ನಿಮಿಷದ ತೂಕವನ್ನು. ಯಂತ್ರದ ಕ್ಯಾನನ್ನು ಜಂತಿಗೆ ಕಟ್ಟಿದ ಕೊಕ್ಕೆ ತಕ್ಕಡಿಗೆ ತೂಗುಹಾಕಿ, ಖಾಲಿ ತೂಕ ಬರೆದುಕೊಂಡು, ಮೊಬೈಲಿನಲ್ಲಿ ಎರಡು ನಿಮಿಷವಾದ ಕೂಡಲೇ ಮುಳ್ಳನ್ನು ಓದುತ್ತಿದ್ದೆ. ಕೊಳವೆಗಳು ಸಡಿಲವಾಗಿರಬೇಕು, ಇಲ್ಲವಾದರೆ ಅವು ಜಗ್ಗಿ ತೂಕ ತಪ್ಪುತ್ತದೆ. ಕೆಚ್ಚಲು ತೊಳೆದು, ಮೊದಲು ಕೈಯಿಂದ ನಾಲ್ಕು ಧಾರೆ ಹಿಂಡಿ, ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್ ಕೆಚ್ಚಲಿಗೆ ತಲುಪಲೆಂದು ಪ್ರತಿಯೊಂದಕ್ಕೂ ಒಂದೇ ನಿಮಿಷ ಕಾಯುತ್ತಿದ್ದೆ. ಸಂಜೆಯ ಹಾಲನ್ನು ಬಿಟ್ಟು ಬೆಳಗಿನದನ್ನಷ್ಟೇ ಅಳೆದೆ, ಏಕೆಂದರೆ ಎರಡು ಹಿಂಡುವಿಕೆಗಳ ನಡುವಿನ ಅಂತರ ಹೆಚ್ಚಿದಂತೆ ಕೆಚ್ಚಲು ತುಂಬಿ ಹರಿವೂ ಹೆಚ್ಚುತ್ತದೆ. ಎಷ್ಟನೆಯ ಸೂಲು, ಕರು ಹಾಕಿ ಎಷ್ಟು ದಿನ ಎಂಬುದನ್ನು ಪಕ್ಕದಲ್ಲಿ ಬರೆಯದಿದ್ದರೆ ಚೊಚ್ಚಲಿನ ಆಕಳಿಗೆ ಅನ್ಯಾಯವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು, 4.4 ಕಿಲೋ, ಕೊಟ್ಟದ್ದು ಗೌರಿ. ಬಕೆಟ್ಟಿನ ಸದ್ದು ಕೇಳಿದರೆ ಸಾಕು, ಹಾಸುಗಲ್ಲಿನ ಮೇಲೆ ಅದರ ಹಾಲು ತೊಟ್ಟಿಕ್ಕುತ್ತದೆ. ಅಷ್ಟು ಸಡಿಲವಾದ ರಂಧ್ರದಲ್ಲಿ ರೋಗಾಣು ಒಳನುಗ್ಗುವುದೂ ಸುಲಭ, ಈ ಸೂಲಿನಲ್ಲಿ ಅದಕ್ಕೆ ಎರಡು ಬಾರಿ ಕೆಚ್ಚಲು ಬಾವು ಬಂದಿದೆ. ಅದರ ಕರುವನ್ನು ಪಟ್ಟಿಯಿಂದ ಕೈಬಿಟ್ಟು, 3 ಕಿಲೋ ಆಸುಪಾಸಿನಲ್ಲಿದ್ದು ಹಾಲು ಸೋರದ ಎರಡು ಆಕಳುಗಳ ಕರುಗಳನ್ನು ಉಳಿಸಿಕೊಂಡಿದ್ದೇನೆ.