ಕಾರು ತೊಳೆದ ಧೈರ್ಯದ ಮೇಲೆ ವಿಮಾನ ತೊಳೆಯಲು ಹೋಗಬೇಡಿ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದೊಂದು ಗಾಡಿ ತೊಳೆಯುವ ಶೆಡ್ ಇದೆ. ಟ್ರ್ಯಾಕ್ಟರಿನಿಂದ ಹಿಡಿದು ಮದುವೆ ಕಾರಿನ ತನಕ ಎಲ್ಲ ತೊಳೆದಿದ್ದೇವೆ, ಗ್ರೀಸು ತೆಗೆಯುವುದು ನಮಗೆ ಎಡಗೈ ಕೆಲಸ. ಅದೇ ಸೊಕ್ಕಿನಲ್ಲಿ ಕಳೆದ ಮಾರ್ಚ್‌ನಲ್ಲಿ ಒಂದು ಸಣ್ಣ ವಿಮಾನ ತೊಳೆಯಲು ಒಪ್ಪಿಕೊಂಡೆ. ನಾಲ್ಕು ಸೀಟಿನ, ಒಂದೇ ಇಂಜಿನ್ನಿನ ಸೆಸ್ನಾ 172. ಮಾಲೀಕರು ನಮ್ಮ ಹಳೇ ಗಿರಾಕಿ, ಅವರ ಹೆಸರು ಬೇಡ. ಏರ್‌ಪೋರ್ಟಿನಲ್ಲಿ ನಿಲ್ಲಿಸಿದ್ದರು, ಪಾಸನ್ನೂ ಅವರೇ ಮಾಡಿಸಿಕೊಟ್ಟರು.

"ಏನಿಲ್ಲೋ ತಮ್ಮಾ, ಹೊಟ್ಟಿ ಒಂದ ಕರ್ರಗ ಆಗೇತಿ. ಕಾರ್ ತೊಳದಂಗ ತೊಳದ ಬಿಡು" ಅಂದರು. ನಾನೂ ಹೂಂ ಅಂದೆ. ತಪ್ಪು ಶುರುವಾದದ್ದು ಅಲ್ಲಿಂದಲೇ.

ವಿಮಾನದ ಹೊಟ್ಟೆ ನೋಡಿದವರಿಗೆ ಗೊತ್ತು. ಇಂಜಿನ್ನಿನ ಬ್ರೀದರ್ ಪೈಪಿನಿಂದ ಎಣ್ಣೆಯ ಆವಿ ಹೊರಬಂದು ಹಿಂದಕ್ಕೆ ಹರಡುತ್ತದೆ, ಸೈಲೆನ್ಸರಿನ ಮಸಿ ಅದಕ್ಕೆ ಅಂಟುತ್ತದೆ, ಅದರ ಮೇಲೆ ನಮ್ಮ ಹುಬ್ಬಳ್ಳಿಯ ಧೂಳು. ಮೂಗಿನಿಂದ ಬಾಲದ ತನಕ ಬಾಣಲೆ ತಳದ ಜಿಡ್ಡಿನ ಹಾಗೆ ಹತ್ತಿಕೊಂಡಿತ್ತು. ನಾವು ಲಾರಿ ಇಂಜಿನ್ನಿಗೆ ಹೊಡೆಯುವ ಡಿಗ್ರೀಸರ್ ಕ್ಯಾನ್, ಪ್ರೆಶರ್ ವಾಶರ್, ಅರ್ಧ ಲೀಟರ್ ಥಿನ್ನರ್, ಹಳೇ ಬನಿಯನ್ ಬಟ್ಟೆ ತಗೊಂಡು ಹೋಗಿದ್ದೆವು. ನನ್ನ ಜೊತೆ ಹುಡುಗನೊಬ್ಬ. ಹನ್ನೊಂದು ಗಂಟೆಯ ಬಿಸಿಲು, ತಗಡು ಹಂಚಿನ ಹಾಗೆ ಕಾದಿತ್ತು.

ಡಿಗ್ರೀಸರ್ ಹೊಡೆದ ಕೂಡಲೇ ಜಿಡ್ಡು ಕರಗಿ ಇಳಿಯಿತು. ಖುಷಿಯಾಯಿತು. ಆದರೆ ಒಂದು ಬದಿ ತೊಳೆಯುವಷ್ಟರಲ್ಲಿ ಇನ್ನೊಂದು ಬದಿ ಒಣಗಿ ಬಿಳಿ ಗೆರೆ ಬಿದ್ದಿತ್ತು. ಅದನ್ನು ಉಜ್ಜಿ ತೆಗೆದರೆ ಪೇಂಟಿನ ಹೊಳಪೂ ಹೋಯಿತು. ಲಾರಿಯ ಡಿಗ್ರೀಸರಿನಲ್ಲಿ ಕಾಸ್ಟಿಕ್ ಇರುತ್ತದೆ. ಲಾರಿ ಚಾಸಿ ಕಬ್ಬಿಣ, ತಡೆಯುತ್ತದೆ. ವಿಮಾನದ ಮೈ ಅಲ್ಯೂಮಿನಿಯಂ. ನಮ್ಮ ಅವ್ವ ಜರ್ಮನ್ (ಅಂದರೆ ಅಲ್ಯೂಮಿನಿಯಂ) ಡಬರಿಗೆ ಸೋಡಾ ಹಾಕಿ ತಿಕ್ಕಿದರೆ ಕಪ್ಪಾಗುತ್ತದೆ ಅಂತ ಬೈಯುತ್ತಿದ್ದಳು. ಮನೆಯಲ್ಲಿ ಗೊತ್ತಿದ್ದದ್ದು ಅಲ್ಲಿ ನೆನಪಾಗಲಿಲ್ಲ. ರಿವೆಟ್ಟಿನ ಸುತ್ತ, ಪೇಂಟ್ ಎದ್ದಿರುವ ಸಂದಿಯಲ್ಲಿ ಅದು ಕೂತರೆ ಒಳಗೊಳಗೇ ಲೋಹ ತಿನ್ನುತ್ತದೆ.

ಮುಂದಿನ ಗಾಜಿನ ಮೇಲೂ ಎಣ್ಣೆಯ ಸಣ್ಣ ಸಣ್ಣ ಚುಕ್ಕೆ, ಹುಳದ ಕಲೆ ಇದ್ದವು. ಬಟ್ಟೆಗೆ ಥಿನ್ನರ್ ಅದ್ದಿ ಹುಡುಗ ಗರಗರ ಸುತ್ತಿಸಿ ಒರೆಸಿದ. ಕನ್ನಡಿಯ ಹಾಗೆ ಆಯಿತು. ಮಾಲೀಕರು ಬೆನ್ನು ತಟ್ಟಿದರು. ಊಟದ ಹೊತ್ತಿಗೆ ಅದೇ ಕೈಯಲ್ಲಿ ಗಿರ್ಮಿಟ್ ತಿಂದೆವು.

ಎರಡು ದಿನ ಬಿಟ್ಟು ಇನ್‌ಸ್ಪೆಕ್ಷನ್ನಿಗೆಂದು ಬೆಂಗಳೂರಿನ ಜಕ್ಕೂರಿನಿಂದ ವಿಮಾನದ ಇಂಜಿನಿಯರ್ ಬಂದರು. ಮಾಲೀಕರ ಫೋನ್: "ಸ್ವಲ್ಪ ಬಂದ ಹೋಗು." ದನಿ ಕೇಳಿಯೇ ಅರ್ಧ ತಿಳಿಯಿತು.

ಇಂಜಿನಿಯರ್ ನನ್ನನ್ನು ಗಾಜಿನ ಪಕ್ಕಕ್ಕೆ ಕರೆದು, ಸೂರ್ಯನ ಕಡೆಗೆ ಓರೆಯಾಗಿ ನೋಡು ಅಂದರು. ಎದುರಿನಿಂದ ನೋಡಿದರೆ ಏನೂ ಇಲ್ಲ. ಓರೆಯಿಂದ ನೋಡಿದರೆ ಗಾಜಿನ ಒಳಗೆ ಕೂದಲೆಳೆಯಂಥ ಸಾವಿರ ಬಿರುಕು, ಬೆಳ್ಳಿ ದಾರ ಚೆಲ್ಲಿದ ಹಾಗೆ. ಉಗುರಿನಿಂದ ಕೆರೆದರೆ ಕೈಗೆ ಹತ್ತಲಿಲ್ಲ, ಅಂದರೆ ಮೇಲಿನ ಗೀರಲ್ಲ.

"ಇದಕ್ಕೆ ಏನು ಹಾಕಿ ಒರೆಸಿದ್ರಿ?"

ಹುಡುಗ ತಲೆ ತಗ್ಗಿಸಿ, "ಥಿನ್ನರ್ ರೀ ಸರ್."

ಅದು ಗಾಜೇ ಅಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಥಿನ್ನರ್, ಪೆಟ್ರೋಲ್, ಅಸಿಟೋನ್, ಸ್ಪಿರಿಟ್, ಮನೆಯ ಕಿಟಕಿಗೆ ಹಚ್ಚುವ ನೀಲಿ ಲಿಕ್ವಿಡ್, ಯಾವುದು ತಾಗಿದರೂ ಹೀಗೆ ಸೀಳುತ್ತದೆ. ಇದಕ್ಕೆ ಕ್ರೇಜಿಂಗ್ ಅನ್ನುತ್ತಾರೆ. ಸಂಜೆ ಬಿಸಿಲಿಗೆ ಎದುರಾಗಿ ಇಳಿಯುವಾಗ ಇಡೀ ಗಾಜು ಬೆಳ್ಳಗೆ ಹೊಳೆದು ರನ್‌ವೇ ಕಾಣದ ಹಾಗಾಗುತ್ತದೆಯಂತೆ. ಪಾಲಿಶ್ ಮಾಡಿದರೆ ಹೋಗುವಂಥದ್ದಲ್ಲ, ಗಾಜೇ ಬದಲಿಸಬೇಕಾಯಿತು. ಖರ್ಚಿನಲ್ಲಿ ಪಾಲು ಕೊಟ್ಟೆ. ಎಷ್ಟು ಅಂತ ಬರೆಯುವುದಿಲ್ಲ, ಶೆಡ್ಡಿಗೆ ಹೊಸ ಕಂಪ್ರೆಸರ್ ತರುವ ಮಾತು ಆ ವರ್ಷ ನಿಂತುಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಲೂ ಇರಲಿಲ್ಲ, ಮರ್ಯಾದೆ ಪ್ರಶ್ನೆ. ನನ್ನ ನಿದ್ದೆ ಕೆಡಿಸಿದ್ದು ಮುಂದಿನದು.

ತೊಳೆಯುವ ಮೊದಲು ಮಾಲೀಕರು ಎಡಬದಿಯ ಒಂದು ತೂತು ತೋರಿಸಿ, ಇದರೊಳಗೆ ನೀರು ಹೋಗಬಾರದು ಅಂದಿದ್ದರು. ಅಂಗಿಯ ಗುಂಡಿಯಷ್ಟು ತಗಡು, ನಡುವೆ ಸಣ್ಣ ರಂಧ್ರ. ಸ್ಟ್ಯಾಟಿಕ್ ಪೋರ್ಟ್ ಅಂತ ಅದರ ಹೆಸರು, ಹೊರಗಿನ ಗಾಳಿಯ ಒತ್ತಡವನ್ನು ಮೀಟರುಗಳಿಗೆ ಮುಟ್ಟಿಸುವ ತೂತು. ನಾನು ಜಾಣ, ಜೇಬಿನಲ್ಲಿದ್ದ ಪಾರದರ್ಶಕ ಪ್ಯಾಕಿಂಗ್ ಟೇಪ್ ಹರಿದು ಅಂಟಿಸಿದೆ. ತೊಳೆದ ಮೇಲೆ ತೆಗೆಯಲಿಲ್ಲ. ಹೊಳೆಯುವ ಮೈ ಮೇಲೆ ಹೊಳೆಯುವ ಟೇಪು, ನಮ್ಮಿಬ್ಬರಿಗೂ ಕಾಣಲಿಲ್ಲ, ಮಾಲೀಕರಿಗೂ ಕಾಣಲಿಲ್ಲ. ಇಂಜಿನಿಯರ್ ಸುಮ್ಮನೆ ಹೆಬ್ಬೆರಳು ಸವರಿ, ಉಗುರಿನಿಂದ ಎಬ್ಬಿಸಿ, ನನ್ನ ಅಂಗೈ ಮೇಲೆ ಇಟ್ಟರು. ಏನೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆ ತೂತು ಮುಚ್ಚಿದರೆ ಎತ್ತರ ತೋರಿಸುವ ಮುಳ್ಳು ನೆಲದ ಮೇಲಿದ್ದ ಅಂಕಿಯಲ್ಲೇ ನಿಂತುಬಿಡುತ್ತದೆ. ವೇಗದ ಮುಳ್ಳು ಏರುವಾಗ ಕಡಿಮೆ, ಇಳಿಯುವಾಗ ಹೆಚ್ಚು ತೋರಿಸಿ ಪೈಲಟ್‌ನ ದಾರಿ ತಪ್ಪಿಸುತ್ತದೆ. 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ರಾತ್ರಿ ಹಾರಿದ ಏರೋಪೆರು 603 ವಿಮಾನ ಇದೇ ಕಾರಣಕ್ಕೆ ಸಮುದ್ರಕ್ಕೆ ಬಿತ್ತು. ತೊಳೆಯುವಾಗ ಹಚ್ಚಿದ ಟೇಪನ್ನು ತೆಗೆಯಲು ಮರೆತಿದ್ದರು. ಇದ್ದ 70 ಮಂದಿಯೂ ಸತ್ತರು. ಮನೆಗೆ ಬಂದು ಫೋನಿನಲ್ಲಿ ಇದನ್ನು ಓದಿದ ರಾತ್ರಿ ನನಗೆ ರೊಟ್ಟಿ ಇಳಿಯಲಿಲ್ಲ.

ಇಂಜಿನಿಯರ್ ರೆಕ್ಕೆಯ ಕೆಳಗೆ ಗಾಜಿನಂಥ ಕಪ್ ಹಿಡಿದು ಟ್ಯಾಂಕಿನ ತಳದಿಂದ ಪೆಟ್ರೋಲ್ ಬಿಟ್ಟರು. ಇಂಥ ಸಣ್ಣ ವಿಮಾನದ ಪೆಟ್ರೋಲು ತಿಳಿ ನೀಲಿ. ಅದರ ತಳದಲ್ಲಿ ಜೋಳದ ಕಾಳಿನಷ್ಟು ನೀರಿನ ಹನಿ ಉರುಳಾಡುತ್ತಿತ್ತು. ನನ್ನ ಪ್ರೆಶರ್ ವಾಶರ್ ಮೇಲಿನ ಮುಚ್ಚಳದ ಸಂದಿಯಿಂದ ಒಳಗೆ ತಳ್ಳಿದ ನೀರು. ಚಕ್ರದ ಬೇರಿಂಗು, ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗಿಳಿಯುವ ಫ್ಲಾಪಿನ ರೋಲರುಗಳ ಗ್ರೀಸನ್ನೂ ತೊಳೆದುಹಾಕಿದ್ದೆ, ಎಲ್ಲ ಮತ್ತೆ ತುಂಬಿದರು.

ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ: "ಎಣ್ಣೆ ಎಲ್ಲಿಂದ ಬರ್ತಿತ್ತು?" ಜಿಡ್ಡಿನ ಗೆರೆ ಹಿಡಿದು ಹೋದರೆ ಸೋರುವ ಸೀಲು ಸಿಗುತ್ತದೆ. ನಾವು ಗೆರೆಯನ್ನೇ ಅಳಿಸಿದ್ದೆವು. ತೊಳೆಯುವ ಮೊದಲು ನಾಲ್ಕು ಫೋಟೊ ಹೊಡೆದಿದ್ದರೂ ಸಾಕಿತ್ತು.

ಮೂಗಿನ ಫ್ಯಾನ್ (ಪ್ರೊಪೆಲ್ಲರ್) ಒರೆಸಲು ಕೈಯಿಂದ ತಿರುಗಿಸಿದೆವು ಅಂದಾಗ ಮಾತ್ರ ಅವರ ಮುಖ ಬಿಳಚಿತು. ಈ ಇಂಜಿನ್ನಿಗೆ ಕಿಡಿ ಕೊಡುವುದು ತಿರುಗಿದರೆ ತಾನೇ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊ, ಬ್ಯಾಟರಿ ಅಲ್ಲ. ಅದರ ಒಂದು ವೈರ್ ಹರಿದಿದ್ದರೆ ಕೀಲಿ ಆಫ್ ಇದ್ದರೂ ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಇಂಜಿನ್ ಧಡ್ ಅಂತ ಶುರುವಾಗಿಬಿಡಬಹುದು. ಅದನ್ನು ಯಾವಾಗಲೂ ಜೀವಂತ ಅಂತಲೇ ತಿಳಿಯಬೇಕು, ಅದರ ಸುತ್ತಿನಲ್ಲಿ ನಿಲ್ಲಲೂಬಾರದು.

ಹಾಗಾದರೆ ಸರಿಯಾದದ್ದು ಏನು? ಆ ವಿಮಾನದ ಪುಸ್ತಕದಲ್ಲೇ ಬರೆದಿದೆ. ನಾವು ಕೇಳಲಿಲ್ಲ, ಅವರು ತೆಗೆಯಲಿಲ್ಲ. ಮೈ ತಣ್ಣಗಿರಬೇಕು, ನೆರಳಿರಬೇಕು. ಮೃದು ಸೋಪು, ಸಾದಾ ನೀರು. ಬಿಡದ ಜಿಡ್ಡಿಗೆ ಮಿನರಲ್ ಸ್ಪಿರಿಟ್ (ಮೊದಲು ಹೇಳಿದ ಸ್ಪಿರಿಟ್ ಅಲ್ಲ, ಸೀಮೆಎಣ್ಣೆಯಂಥದ್ದು) ಜಾತಿಯ ದ್ರಾವಕವನ್ನು ಬಟ್ಟೆಗೆ ಹಚ್ಚಿ ಒರೆಸಬೇಕು, ಮೈ ಮೇಲೆ ಸುರಿಯುವುದಲ್ಲ, ಹತ್ತಿರ ಬೀಡಿ-ಸಿಗರೇಟು ಇಲ್ಲ. ಪೆಟ್ರೋಲಿನಿಂದ ಒರೆಸುವವರನ್ನು ಕಂಡರೆ ದೂರ ನಿಲ್ಲಿ. ಗಾಜಿಗೆ ಮೊದಲು ಧಾರಾಳ ನೀರು ಬಿಟ್ಟು ಬರಿಗೈಯಿಂದ ಧೂಳು ಇಳಿಸಿ, ಆಮೇಲೆ ಮೆತ್ತನೆ ಹತ್ತಿ ಬಟ್ಟೆ, ನೇರ ಗೆರೆಯಲ್ಲಿ. ಸುತ್ತಿಸಬೇಡಿ. ಉಂಗುರ, ವಾಚು ಬಿಚ್ಚಿಡಿ. ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು, ಏಕೆಂದರೆ ಆ ನೀಲಿ ಪೆಟ್ರೋಲಿನ ಲೀಟರಿಗೆ 0.56 ಗ್ರಾಂ ತನಕ ಸೀಸ ಇರಬಹುದು, ಸೈಲೆನ್ಸರಿನ ಹಿಂದಿನ ಬೂದು ಮಸಿಯಲ್ಲಿ ಅದೇ ಕೂತಿರುತ್ತದೆ. ಗಿರ್ಮಿಟ್ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ತೂತು ಮುಚ್ಚುವುದಾದರೆ ಕಣ್ಣಿಗೆ ಹೊಡೆಯುವ ಬಣ್ಣದ ಟೇಪು, ಅದಕ್ಕೆ ಮೊಳದುದ್ದ ಕೆಂಪು ಪಟ್ಟಿ ಜೋತು ಬಿಡಿ. ಎಷ್ಟು ಕಡೆ ಹಚ್ಚಿದಿರಿ ಅನ್ನುವುದನ್ನು ಪೆನ್ನಿನಿಂದ ಮುಂಗೈ ಮೇಲೆ ಬರೆದುಕೊಳ್ಳಿ. ತೆಗೆದ ಮೇಲೆ ಪೈಲಟ್ ತಾನೇ ಕೈಯಾಡಿಸಿ ನೋಡಲಿ, ನಿಮ್ಮ ಬಾಯಿ ಮಾತು ನಂಬುವುದು ಬೇಡ.

ಮಾಲೀಕರ ಕಾರು ಈಗಲೂ ನಮ್ಮ ಶೆಡ್ಡಿಗೇ ಬರುತ್ತದೆ. ವಿಮಾನದ ಮಾತು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.