ಹೊಸ ಜೀನ್ಸ್‌ನ ಉದ್ದವನ್ನು ಅಂಗಡಿಯಲ್ಲೇ ಕತ್ತರಿಸಲು ಬಿಡಬೇಡಿ

ಎರಡು ಜೀನ್ಸ್ ಪ್ಯಾಂಟು ನನ್ನ ಕಪಾಟಿನಲ್ಲಿ ಸುಮ್ನೆ ಬಿದ್ದಿವೆ. ಎರಡೂ ಹೊಸವು. ಹಾಕಿಕೊಳ್ಳಲೂ ಆಗುವುದಿಲ್ಲ, ವಾಪಸ್ ಕೊಡಲೂ ಆಗುವುದಿಲ್ಲ. ಅವನ್ನು ಕೊಳ್ಳುವಾಗ ನಾನು ಮಾಡಿದ ತಪ್ಪು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ತೀರಾ ಸಾದಾ ಜೀನ್ಸ್. ಕಡು ನೀಲಿ ಬಣ್ಣ. ತೊಡೆಯ ಮೇಲೆ ಬಿಳಿ ಗೀರು ಇರಬಾರದು, ಮಂಡಿ ಹತ್ತಿರ ಹರಿದಿರಬಾರದು, ಹಿಂದಿನ ಜೇಬಿನ ಮೇಲೆ ದೊಡ್ಡ ಚಿತ್ತಾರ ಬೇಡ. ಕಾಲು ನೇರವಾಗಿ ಇಳಿದರೆ ಸಾಕು. ಅಂಥದ್ದೊಂದು ನನ್ನ ಹತ್ತಿರ ಇತ್ತು. ಆರು ವರ್ಷ ಹಾಕಿದ್ದೆ. ಒಳತೊಡೆಯಲ್ಲಿ ಬಟ್ಟೆ ಸವೆದು ಹರಿದುಹೋಯಿತು. ಅದರಂತೆಯೇ ಇನ್ನೊಂದು ತರೋಣ ಅಂತ ಹೊರಟೆ.

ಅಂಗಡಿಯಲ್ಲಿ ಎಲ್ಲಿ ನೋಡಿದರೂ ಕಾಲಿಗೆ ಅಂಟಿಕೊಳ್ಳುವ ಪ್ಯಾಂಟುಗಳು, ಇಲ್ಲಾ ಮೊದಲೇ ಉಜ್ಜಿ ಮಾಸಲು ಮಾಡಿದವು. ಹುಡುಕಿ ಹುಡುಕಿ ಸುಸ್ತಾಯಿತು. ಕೊನೆಗೆ ಎರಡು ಸಿಕ್ಕವು. ಒಂದು ಪೂರ್ತಿ ಹತ್ತಿಯದು, ಕಡು ನೀಲಿ. ಇನ್ನೊಂದು ಎಳೆದರೆ ಹಿಗ್ಗುವ ಬಟ್ಟೆಯದು, ಕಪ್ಪು. ಎರಡರ ಮೇಲೂ 34 ಅಂತ ಇತ್ತು. ನಾನು ಯಾವಾಗಲೂ ಹಾಕುವುದು 34 ತಾನೇ, ಟ್ರಯಲ್ ರೂಮಿನಲ್ಲಿ ಹಾಕಿಕೊಂಡೆ. ಸೊಂಟ ಸ್ವಲ್ಪ ಲೂಸು, ತೊಡೆ ಸ್ವಲ್ಪ ಬಿಗಿ ಅನ್ನಿಸಿತು. ಅಂಗಡಿಯ ಹುಡುಗ, "ಏನೂ ಆಗಲ್ಲ ಸರ್, ನಾಲ್ಕು ಸಲ ಹಾಕಿದ್ರೆ ಮೈಗೆ ಕೂತುಬಿಡುತ್ತೆ" ಅಂದ. ಕನ್ನಡಿ ಮುಂದೆ ನಿಂತು ನೋಡಿದೆ, ಚೆನ್ನಾಗಿಯೇ ಕಾಣಿಸಿತು. ನಿಂತು ನೋಡಿದೆ ಅಷ್ಟೇ. ಕೂತು ನೋಡಲಿಲ್ಲ.

ಉದ್ದ ಜಾಸ್ತಿ ಇತ್ತು. "ಇಲ್ಲೇ ಆಲ್ಟರ್ ಮಾಡಿಕೊಡ್ತೀವಿ ಸರ್, ಹತ್ತೇ ನಿಮಿಷ" ಅಂದರು. ಎರಡನ್ನೂ ಕತ್ತರಿಸಿ, ಮಡಚಿ ಹೊಲಿದುಕೊಟ್ಟರು. ಮುಂದಿನ ಎಲ್ಲ ತೊಂದರೆಗೂ ಪರಿಹಾರದ ಬಾಗಿಲು ಮುಚ್ಚಿದ್ದು ಆ ಹತ್ತು ನಿಮಿಷವೇ.

ಮೊದಲ ಸಲ ಒಗೆದಾಗ ನೀಲಿ ಪ್ಯಾಂಟು ಗಿಡ್ಡವಾಯಿತು. ಸುಮಾರು ಒಂದು ಇಂಚು. ನಿಂತಾಗ ಹೇಗೋ ನಡೆಯುತ್ತದೆ, ಕೂತರೆ ಕಾಲುಚೀಲದ ಮೇಲೆ ಚರ್ಮ ಕಾಣುತ್ತದೆ. ಹತ್ತಿ ಬಟ್ಟೆ ಕುಗ್ಗುವುದು ಹೊಸ ಸಂಗತಿಯೇನಲ್ಲ. ಕಾರ್ಖಾನೆಯಲ್ಲೇ ಮೊದಲು ಕುಗ್ಗಿಸಿಬಿಡುವ ಯಂತ್ರವಿಧಾನವನ್ನು ಸ್ಯಾನ್‌ಫರ್ಡ್ ಕ್ಲುಯೆಟ್ ಎಂಬವರು 1930ರ ಹೊತ್ತಿಗೇ ತಂದರು. ಅದಕ್ಕೇ ಅದನ್ನು ಸ್ಯಾನ್‌ಫರೈಸ್ ಮಾಡುವುದು ಅನ್ನುತ್ತಾರೆ. ಹಾಗೆ ಮಾಡಿದ ಬಟ್ಟೆಯೂ ಒಂದಿಷ್ಟು ಕುಗ್ಗುತ್ತದೆ. ಒಳಗಾಲಿನ ಉದ್ದ 31 ಇಂಚು ಇದ್ದರೆ ಶೇಕಡಾ 3 ಅಂದರೆ ಹೆಚ್ಚುಕಡಿಮೆ 1 ಇಂಚು. ಕುಗ್ಗಿಸದೆಯೇ ಹೊಲಿದ ಬಟ್ಟೆಯಾದರೆ ಶೇಕಡಾ 7ರಿಂದ 10ರವರೆಗೂ ಹೋಗಬಹುದು. ಒಗೆಯುವ ಮೊದಲೇ ಸರಿಯಾದ ಉದ್ದಕ್ಕೆ ಕತ್ತರಿಸಿದರೆ ಆಮೇಲೆ ಇಳಿಸಲು ಬಟ್ಟೆ ಎಲ್ಲಿಂದ ಬರಬೇಕು?

ಎರಡನೇ ಒಗೆತಕ್ಕೆ ಎಡಗಾಲು ತಿರುಚಿಕೊಂಡಿತು. ಹೊರಬದಿಯ ಹೊಲಿಗೆ ಪಕ್ಕದಲ್ಲಿ ಇರಬೇಕಲ್ವಾ? ಅದು ಮಂಡಿಯಿಂದ ಕೆಳಗೆ ಮುಂದಕ್ಕೆ ಬಂದುಬಿಟ್ಟಿದೆ. ಜೀನ್ಸ್ ಬಟ್ಟೆಯದು ಓರೆ ನೇಯ್ಗೆ, ಹತ್ತಿರದಿಂದ ನೋಡಿದರೆ ಓರೆ ಗೆರೆಗಳು ಕಾಣುತ್ತವೆ. ಒಗೆದಾಗ ಆ ನೇಯ್ಗೆ ಒಂದು ಬದಿಗೆ ಎಳೆಯುತ್ತದೆ. ಒಳ್ಳೆಯ ಕಾರ್ಖಾನೆಯವರು ಬಟ್ಟೆಯನ್ನು ಮೊದಲೇ ಆ ಕಡೆಗೆ ಎಳೆದು ಸರಿಮಾಡಿಕೊಂಡು ಕತ್ತರಿಸುತ್ತಾರೆ. ಅಲ್ಲಿ ಅವಸರ ಮಾಡಿದರೆ ನಮ್ಮ ಕಾಲಿನ ಮೇಲೆ ತಿರುಚುತ್ತದೆ. ಇದನ್ನು ಯಾವ ಟೈಲರ್ ಕೂಡ ಸರಿಮಾಡಲಾರ.

ಬಣ್ಣದ್ದು ಇನ್ನೊಂದು ಕಥೆ. ಸ್ನೇಹಿತರ ಮನೆಯಲ್ಲಿ ತಿಳಿ ಬಣ್ಣದ ಸೋಫಾದ ಮೇಲೆ ಒಂದು ಗಂಟೆ ಕೂತಿದ್ದೆ. ಎದ್ದಾಗ ಅಲ್ಲಿ ನೀಲಿ ಮಚ್ಚೆ. ನನಗೆ ತುಂಬಾ ಬೇಜಾರಾಯಿತು. ಅವರು ಏನೂ ಅನ್ನಲಿಲ್ಲ, ಆದರೆ ಆ ಮಚ್ಚೆ ಪೂರ್ತಿ ಹೋಗಲಿಲ್ಲ. ಜೀನ್ಸ್‌ನಲ್ಲಿ ನೀಲಿ ಹಾಕುವುದು ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಹೋಗುವ ನೂಲಿಗೆ. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಬಿಳಿಯಾಗಿಯೇ ಇರುತ್ತದೆ. ಅದಕ್ಕೇ ಒಳಮೈ ಬೆಳ್ಳಗೆ ಕಾಣುವುದು. ಆ ನೀಲಿ ಕೂಡ ನೂಲಿನ ಮೇಲ್ಪದರದಲ್ಲಿ ನಿಂತಿರುತ್ತದೆ, ತಿರುಳಿನವರೆಗೆ ಇಳಿದಿರುವುದಿಲ್ಲ. ಉಜ್ಜಿದರೆ ಬಿಡುತ್ತದೆ. ಕಡು ನೀಲಿ ಬೇಕು ಅಂದವರು ಇದಕ್ಕೆ ಸಿದ್ಧರಾಗಿರಬೇಕು. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒಳಮಡಿಕೆಯ ಹತ್ತಿರ ಉಜ್ಜಿ ನೋಡಿ, ಎಷ್ಟು ಬಿಡುತ್ತದೆ ಅಂತ ಗೊತ್ತಾಗುತ್ತದೆ. ಮೊದಲ ಕೆಲವು ಸಲ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ, ಬೇರೆ ಬಟ್ಟೆ ಸೇರಿಸದೆ ಒಗೆಯಿರಿ.

ಕಪ್ಪು ಪ್ಯಾಂಟು ಗಿಡ್ಡವಾಗಲಿಲ್ಲ. ಅದು ಜೋತುಬಿತ್ತು. ಬೆಳಿಗ್ಗೆ ಸರಿಯಾಗಿದ್ದ ಮಂಡಿ ಮಧ್ಯಾಹ್ನಕ್ಕೆ ಉಬ್ಬಿಕೊಳ್ಳುತ್ತದೆ, ಸಂಜೆಗೆ ಸೊಂಟ ಕೆಳಗೆ ಜಾರುತ್ತದೆ. ಒಳಗಿನ ಪಟ್ಟಿ ಓದಿದರೆ ಎಲಾಸ್ಟೇನ್, ಅಂದರೆ ರಬ್ಬರಿನಂತೆ ಹಿಗ್ಗುವ ಎಳೆ, ಶೇಕಡಾ 4 ಅಂತ ಇತ್ತು. ಶೇಕಡಾ 1 ಅಥವಾ 2 ಇದ್ದರೆ ಕೂರುವಾಗ ಏಳುವಾಗ ಅನುಕೂಲವೇ. ಜಾಸ್ತಿ ಹಾಕಿ, ಬಟ್ಟೆಯನ್ನೂ ತೆಳ್ಳಗೆ ಮಾಡಿದರೆ ಹಿಗ್ಗಿದ್ದು ಮತ್ತೆ ಪೂರ್ತಿ ವಾಪಸ್ ಬರದೇ ಇರಬಹುದು. ಬಿಸಿ ತಾಗಿದರಂತೂ ಆ ಎಳೆ ಬೇಗ ಸೋಲುತ್ತದೆ. ಎಳೆದು ಬಿಟ್ಟಾಗ ತಟ್ಟನೆ ಮೊದಲಿನಂತೆ ಆಗುತ್ತದಾ ಅಂತ ಅಂಗಡಿಯಲ್ಲೇ ನೋಡಬಹುದಿತ್ತು. ನಾನು ನೋಡಲಿಲ್ಲ.

ವಾಪಸ್ ತೆಗೆದುಕೊಂಡು ಹೋದೆ. "ಉದ್ದ ಕತ್ತರಿಸಿದ್ದನ್ನ ತಗೊಳ್ಳಲ್ಲ ಸರ್" ಅಂದರು. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಇತ್ತು, ನಿಜ. ಆದರೆ ಕತ್ತರಿಸುವ ಮೊದಲು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಇದು ಸರಿಯಲ್ಲ ಅಂತ ನಾನು ಅವರಿಗೂ ಹೇಳಿದೆ, ಇಲ್ಲೂ ಹೇಳುತ್ತಿದ್ದೇನೆ.

ಮನೆಗೆ ಬಂದು ಟೇಪು ಹಿಡಿದು ಕೂತೆ. ಹಳೆಯ ಪ್ಯಾಂಟನ್ನು ನೆಲದ ಮೇಲೆ ಹರಡಿ, ಪಕ್ಕದಲ್ಲಿ ಹೊಸವನ್ನು ಇಟ್ಟು ಅಳೆದೆ. ಮೂರರ ಮೇಲೂ 34 ಅಂತಲೇ ಇದೆ. ಹಳೆಯದರ ಸೊಂಟ 35 ಇಂಚು. ನೀಲಿಯದು 36. ಕಪ್ಪಿನದು 37! ಎಷ್ಟೋ ಬ್ರ್ಯಾಂಡುಗಳು ದೊಡ್ಡ ಸೊಂಟಕ್ಕೆ ಚಿಕ್ಕ ಸಂಖ್ಯೆ ಬರೆಯುತ್ತವೆ, ಕೊಳ್ಳುವವರಿಗೆ ಖುಷಿಯಾಗಲಿ ಅಂತ. ಅದೂ ಅಲ್ಲದೆ ಒಂದೇ ಮಾದರಿ, ಒಂದೇ ಸೈಜು ಇದ್ದರೂ ಬಣ್ಣ ಬದಲಾದರೆ ಅಳತೆ ಬದಲಾಗಬಹುದು. ಬಣ್ಣಕ್ಕೆ ತಕ್ಕಂತೆ ಕಾರ್ಖಾನೆಯಲ್ಲಿ ಒಗೆಯುವ ರೀತಿ ಬೇರೆ ಇರಬಹುದು.

ಸೊಂಟಕ್ಕಿಂತ ಮುಖ್ಯವಾದ ವ್ಯತ್ಯಾಸ ಇದ್ದದ್ದು ನಾನು ಎಂದೂ ಗಮನಿಸದ ಜಾಗದಲ್ಲಿ. ಎರಡು ಕಾಲು ಕೂಡುವ ಹೊಲಿಗೆಯಿಂದ ಮುಂದೆ ಸೊಂಟದ ಪಟ್ಟಿಯ ಮೇಲಂಚಿನವರೆಗಿನ ಉದ್ದ. ಇದಕ್ಕೆ ರೈಸ್ ಅನ್ನುತ್ತಾರೆ. ಹಳೆಯದರಲ್ಲಿ ಅದು 11 ಇಂಚು. ಹೊಸ ಎರಡರಲ್ಲೂ 9. ಬರೀ ಎರಡು ಇಂಚು ಅನ್ನಿಸಬಹುದು. ಆದರೆ ಪ್ಯಾಂಟು ಸೊಂಟದ ಮೇಲೆ ಕೂರುತ್ತದೋ, ಕೆಳಗೆ ಜಾರಿ ಪಕ್ಕದ ಮೂಳೆಯ ಮೇಲೆ ನಿಲ್ಲುತ್ತದೋ ಅನ್ನುವುದು ಅದರಲ್ಲೇ ಇದೆ. ಕೂತರೆ ಹಿಂದೆ ತೆರೆದುಕೊಳ್ಳುತ್ತದೆ, ಅಂಗಿ ಹೊರಗೆ ಬರುತ್ತದೆ, ಬಗ್ಗಲು ಸಂಕೋಚ. ಬೆಲ್ಟು ಎಷ್ಟು ಬಿಗಿದರೂ ಹೊಟ್ಟೆ ನೋಯುತ್ತದೆಯೇ ಹೊರತು ಪ್ಯಾಂಟು ಮೇಲೆ ನಿಲ್ಲುವುದಿಲ್ಲ. ಇಷ್ಟು ದಿನ ನನ್ನ ಮೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಎಷ್ಟೋ ಗಂಡಸರು ಹಾಗೆ ಅಂದುಕೊಂಡು ಸುಮ್ಮನಾಗುತ್ತಾರೆ. ತಪ್ಪು ಮೈಯದ್ದಲ್ಲ.

ಟೈಲರ್ ಹತ್ತಿರ ಹೋಗಿ ಕೇಳಿದೆ. ಸೊಂಟವನ್ನು ಹಿಂದಿನ ಹೊಲಿಗೆ ಬಿಚ್ಚಿ ಒಂದು ಒಂದೂವರೆ ಇಂಚು ಕಮ್ಮಿ ಮಾಡಬಹುದು, ಉದ್ದ ಕಮ್ಮಿ ಮಾಡಬಹುದು, ಕಾಲು ಕಿರಿದು ಮಾಡಬಹುದು ಅಂದರು. ರೈಸ್ ಹೆಚ್ಚಿಸಲು ಆಗುವುದಿಲ್ಲ. ತೊಡೆ ಬಿಡಿಸಲೂ ಆಗುವುದಿಲ್ಲ, ಯಾಕೆಂದರೆ ಜೀನ್ಸ್‌ನಲ್ಲಿ ಬಟ್ಟೆಯ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಿರುತ್ತಾರೆ. ಒಳಗೆ ಉಳಿಕೆ ಬಟ್ಟೆ ಇರುವುದಿಲ್ಲ. ಹಾಗಾಗಿ ಕೊಳ್ಳುವಾಗ ತೊಡೆ ಮತ್ತು ರೈಸ್ ಸರಿಯಾಗಿರಬೇಕು. ಸೊಂಟ ಸ್ವಲ್ಪ ಲೂಸಿದ್ದರೆ ಪರವಾಗಿಲ್ಲ. ನಾವು ಮಾಡುವುದು ಸರಿಯಾಗಿ ಇದರ ಉಲ್ಟಾ.

ನಿಮಗೆ ಚೆನ್ನಾಗಿ ಕೂರುವ ಒಂದು ಪ್ಯಾಂಟು ಮನೆಯಲ್ಲಿದ್ದರೆ ಅದನ್ನು ಈಗಲೇ ಅಳೆದಿಡಿ, ಹರಿಯುವವರೆಗೆ ಕಾಯಬೇಡಿ. ಸೊಂಟದ ಪಟ್ಟಿಯನ್ನು ಚಪ್ಪಟೆಯಾಗಿ ಅಳೆದು ಎರಡರಷ್ಟು ಮಾಡಿ. ಮುಂದಿನ ರೈಸ್, ಕಾಲು ಕೂಡುವ ಜಾಗದಿಂದ ಒಂದಿಂಚು ಕೆಳಗೆ ತೊಡೆಯ ಅಗಲ, ಒಳಗಾಲಿನ ಉದ್ದ, ಕೆಳಗಿನ ಬಾಯಿಯ ಅಗಲ. ಈ ಐದು ಸಂಖ್ಯೆ ಫೋನಿನಲ್ಲಿ ಇರಲಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ಪ್ಯಾಂಟಿನ ಅಳತೆ ಕೊಟ್ಟಿದ್ದಾರಾ, ಮೈಯ ಅಳತೆ ಕೊಟ್ಟಿದ್ದಾರಾ ನೋಡಿಕೊಳ್ಳಿ. ಅವೆರಡೂ ಬೇರೆ ಬೇರೆ. ಅಂಗಡಿಯಲ್ಲಿ ಟೇಪು ತೆಗೆಯಲು ನಾಚಬೇಡಿ. ಟ್ರಯಲ್ ರೂಮಿನಲ್ಲಿ ಕುರ್ಚಿ ಇಲ್ಲದಿದ್ದರೆ ಕುಕ್ಕರಗಾಲಿನಲ್ಲಿ ಕೂತು ಏಳಿ.

ಜೀನ್ಸ್ ಹುಟ್ಟಿದ್ದೇ ದುಡಿಯುವವರ ಪ್ಯಾಂಟಾಗಿ. ಜೇಬಿನ ಮೂಲೆಗಳು ಹರಿಯದಿರಲಿ ಅಂತ ಜೇಕಬ್ ಡೇವಿಸ್ ಎಂಬ ಟೈಲರ್ ತಾಮ್ರದ ರಿವೆಟ್ ಹೊಡೆದರು. 1873ರ ಮೇ 20ರಂದು ಅವರಿಗೂ ಬಟ್ಟೆ ವ್ಯಾಪಾರಿ ಲಿವೈ ಸ್ಟ್ರಾಸ್ ಅವರಿಗೂ ಅದರ ಪೇಟೆಂಟ್ ಸಿಕ್ಕಿತು. ನನ್ನ ಕಪ್ಪು ಪ್ಯಾಂಟಿನಲ್ಲೂ ರಿವೆಟ್ ಇವೆ. ಜೇಬಿನ ಒಳಬಟ್ಟೆ ಮಾತ್ರ ಎರಡೇ ತಿಂಗಳಿಗೆ ತೂತಾಯಿತು.

ಮೊನ್ನೆ ಮೂರನೆಯದೊಂದು ತಂದೆ. ರೈಸ್ 11 ಇಂಚು, ತೊಡೆಯೂ ಸರಿಯಾಗಿದೆ. ಅಂಗಡಿಯಲ್ಲಿ ಉದ್ದ ಕತ್ತರಿಸಿಕೊಡುತ್ತೇವೆ ಅಂದರು, ಬೇಡ ಅಂದೆ. ಕೆಳಗೆ ಮಡಚಿಕೊಂಡು ಮನೆಯೊಳಗೇ ಹಾಕಿ ನೋಡಿದೆ, ಕೂತೆ, ಬಗ್ಗಿದೆ. ಇಟ್ಟುಕೊಳ್ಳಬಹುದು ಅಂತ ಖಾತ್ರಿಯಾದ ಮೇಲೆ ಅಂಗಡಿಯ ಚೀಟಿ ಕಿತ್ತು ಎರಡು ಸಲ ಒಗೆದೆ. ನಿನ್ನೆ ಟೈಲರ್ ಹತ್ತಿರ ಹೋಗಿ, ದಿನಾ ಹಾಕುವ ಶೂ ಹಾಕಿಕೊಂಡೇ ಉದ್ದಕ್ಕೆ ಗುರುತು ಹಾಕಿಸಿದೆ.