ಹಳೇ ಕಾರಿನ ತಗಡು ವೆಲ್ಡಿಂಗ್ ಕೆಲಸಕ್ಕೆ ಆರ್ಕೋ, ಮಿಗ್ಗೋ, ಟಿಗ್ಗೋ? ಎಲ್ಲಾ ಹಿಡಿದು ನೋಡಿದ್ಮೇಲೆ

ಹಳೇ ಕಾರಿನ ಫ್ಲೋರ್ ತುಕ್ಕು ಹಿಡಿದು ಮ್ಯಾಟ್ ಎತ್ತಿದ್ರೆ ನೆಲ ಕಾಣೋ ಸ್ಥಿತಿಗೆ ಬಂದಿತ್ತು, ಮನೇಲೇ ಸರಿ ಮಾಡೋಣ ಅಂತ ಹೊರಟಾಗ ನನ್ನ ಹತ್ರ ಇದ್ದಿದ್ದು ಒಂದು ಇನ್ವರ್ಟರ್ ಆರ್ಕ್ ವೆಲ್ಡಿಂಗ್ ಮೆಷಿನ್, ಅಂದ್ರೆ ಕರೆಂಟ್ ಕಿಡಿಯಲ್ಲಿ (ಆರ್ಕ್) ರಾಡ್ ಕರಗಿಸಿ ಬೆಸೆಯೋದು. ಗೇಟು, ಸ್ಟ್ಯಾಂಡು ಎಲ್ಲಾ ಅದರಲ್ಲೇ ಮಾಡಿದ್ದೆ, ಇದೂ ಆಗುತ್ತೆ ಅಂದ್ಕೊಂಡೆ. ಆಗ್ಲಿಲ್ಲ. 2.5 ಎಂಎಂನ 6013 ಅನ್ನೋ ಮಾಮೂಲಿ ರಾಡ್ ಸರಿಯಾಗಿ ಉರಿಯೋಕೆ 60-90 ಆಂಪ್ಸ್ ಬೇಕು, ಫ್ಲೋರ್ ತಗಡು ಇರೋದೇ ಸುಮಾರು 0.8 ಎಂಎಂ, ರಾಡ್ ತಾಗಿದ ತಕ್ಷಣ ತೂತು, ಆ ತೂತು ಮುಚ್ಚೋಕೆ ಹೋದ್ರೆ ಇನ್ನೂ ದೊಡ್ಡ ತೂತು. 1.6 ಎಂಎಂ ರಾಡ್ ತಂದು ಆಂಪ್ಸ್ ಇಳಿಸಿ ನೋಡಿದೆ, ಆಗ ಆರ್ಕೇ ಹತ್ತದೆ ರಾಡ್ ಅಂಟ್ಕೊಳ್ಳೋಕೆ ಶುರು.

ಹಾಗಂತ ಆರ್ಕ್ ಬೇಡ ಅಂತಲ್ಲ. 3-4 ಎಂಎಂ ದಪ್ಪದ ಬ್ರಾಕೆಟ್, ಟೋ ಹುಕ್ ಇಂಥದ್ದಕ್ಕೆಲ್ಲ ಈಗ್ಲೂ ಅದನ್ನೇ ತಗೋತೀನಿ, ಗಾಳಿ ಬಂದ್ರೂ ತಡ್ಕೊಳುತ್ತೆ, ಸ್ವಲ್ಪ ತುಕ್ಕು ಉಳಿದಿದ್ರೂ ನಡೆಯುತ್ತೆ.

ಆಮೇಲೆ ಮಿಗ್ ತಗೊಂಡೆ, ಇದ್ರಲ್ಲಿ ರಾಡ್ ಬದಲು ಟಾರ್ಚ್ ಅನ್ನೋ ಹಿಡಿಯಿಂದ ವೈರ್ ತಾನಾಗೇ ಬರ್ತಾ ಕರಗುತ್ತೆ. ಶುರುವಲ್ಲಿ ವೆಲ್ಡ್‌ಗೆ ಗಾಳಿ ತಾಗದಂತೆ ತಡೆಯೋ ಗ್ಯಾಸ್ ಸಿಲಿಂಡರ್ ರಗಳೆ ಯಾಕೆ ಅಂತ ಗ್ಯಾಸ್ ಇಲ್ಲದ ಫ್ಲಕ್ಸ್ ಕೋರ್ ವೈರ್ (ಆ ಕೆಲಸ ಮಾಡೋ ಪುಡಿ ಒಳಗೇ ಇರುತ್ತೆ) ಹಾಕ್ದೆ. ಇದಕ್ಕೆ ಪೊಲಾರಿಟಿ ಉಲ್ಟಾ, ಟಾರ್ಚ್ ನೆಗೆಟಿವ್‌ಗೆ ಹೋಗ್ಬೇಕು, ಬದಲಾಯಿಸ್ದೆ ಬಿಟ್ರೆ ಬರೀ ಕಿಡಿ ಸಿಡಿಯುತ್ತೆ. ಬಯಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ತೆಳು ತಗಡಿಗೆ ಶಾಖ ಜಾಸ್ತಿನೇ, ಮೇಲಿಂದ ಸ್ಲ್ಯಾಗ್ ಅನ್ನೋ ಗಟ್ಟಿ ಪದರ ಬೇರೆ ಕೆರೀಬೇಕು.

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಒಳಗೆ ಪುಡಿ ಇಲ್ಲದ 0.6 ಎಂಎಂ ಸಾಲಿಡ್ ವೈರ್, ಆರ್ಗಾನ್ ಜೊತೆ ಶೇ. 20ರಷ್ಟು ಸಿಒ2 ಇರೋ ಗ್ಯಾಸ್ ಹಾಕಿದ್ಮೇಲೆ (ಟಾರ್ಚ್ ವಾಪಸ್ ಪಾಸಿಟಿವ್‌ಗೆ). ಸೆಟ್ಟಿಂಗ್ ಸರಿ ಕೂತ್ರೆ ಒಂದೇ ಸಮ ಚರಚರ ಅನ್ನೋ ಸದ್ದು, ಪಟ್ ಪಟ್ ಅಂತ ಹೊಡೆದ್ರೆ ಎಲ್ಲೋ ತಪ್ಪಿದೆ ಅಂತ ಕಿವಿಗೇ ಗೊತ್ತಾಗುತ್ತೆ. ಆದ್ರೂ ಉದ್ದಕ್ಕೆ ಎಳೀಬಾರ್ದು, ಇಲ್ಲೊಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್), ಗೇಣು ದೂರ ಬಿಟ್ಟು ಅಲ್ಲೊಂದು, ಮುಟ್ಟೋಷ್ಟು ತಣ್ಣಗಾದ್ಮೇಲೆ ನಡುವೆ ಮತ್ತೊಂದು, ಹೀಗೆ ತುಂಬಿಸ್ತಾ ಹೋದ್ರೆ ತಗಡು ಸೊಟ್ಟಗಾಗಲ್ಲ. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದ್ರೆ ತೂತು ಬೀಳೋದು ತುಂಬಾ ಕಮ್ಮಿ. ಗಾಳಿ ಬೀಸಿದ್ರೆ ಮಾತ್ರ ಗ್ಯಾಸ್ ಹಾರಿ ವೆಲ್ಡ್ ಒಳಗೆಲ್ಲಾ ಸಣ್ಣ ಸಣ್ಣ ತೂತು ಆಗುತ್ತೆ.

ಟಿಗ್ ಸ್ನೇಹಿತನ ಮೆಷಿನ್‌ನಲ್ಲಿ ನೋಡಿದ್ದು. ಇದ್ರಲ್ಲಿ ಆರ್ಕ್ ಬರೋದು ಕರಗದ ಟಂಗ್‌ಸ್ಟನ್ ಕಡ್ಡಿಯಿಂದ, ಕರಗಿಸಿ ತುಂಬೋ ತಂತಿ (ಫಿಲ್ಲರ್) ಬೇರೆ ಹಿಡೀಬೇಕು. ಫೆಂಡರ್ ಜಾಯಿಂಟ್ ಎಷ್ಟು ಚೆಂದ ಬಂತು ಅಂದ್ರೆ, ವೆಲ್ಡ್ ಮೆತ್ತಗಿರೋದ್ರಿಂದ ಸುತ್ತಿಗೇಲಿ ತಟ್ಟಿ ಸಮ ಮಾಡಬಹುದು, ಮಿಗ್ ವೆಲ್ಡ್ ಅಷ್ಟು ಮೆತ್ತಗಿರಲ್ಲ. ಆದ್ರೆ ಒಂದು ಕೈಲಿ ಟಾರ್ಚ್, ಇನ್ನೊಂದ್ರಲ್ಲಿ ಫಿಲ್ಲರ್, ಕಾಲಲ್ಲಿ ಕರೆಂಟ್ ಏರಿಳಿಸೋ ಪೆಡಲ್, ಕಾರಿನ ಕೆಳಗೆ ಮಲಗಿಕೊಂಡು ಇದೆಲ್ಲಾ ಹೇಗೆ ಮಾಡೋದು? ಪೇಂಟ್, ತುಕ್ಕು ಒಂಚೂರು ಉಳಿದ್ರೂ ಟಂಗ್‌ಸ್ಟನ್ ಕೆಡುತ್ತೆ. ಅಲ್ಯೂಮಿನಿಯಂ ಮಾಡೋದಿದ್ರೆ ಎಸಿ ಇರೋ ಟಿಗ್ ಬೇಕು, ಬರೀ ಡಿಸಿ ಮೆಷಿನ್ ಸಾಲಲ್ಲ.

ಯಾವುದೇ ಮೆಷಿನ್ ಆಗ್ಲಿ, ಬ್ಯಾಟರಿ ಟರ್ಮಿನಲ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್, ಲೈನ್ ಹತ್ರ ಇದ್ರೆ ತೆಗೆದೇ ಶುರು ಮಾಡಿ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಜಾಗಕ್ಕೆ ದಯವಿಟ್ಟು ಆರ್ಕ್ ಹೊಡೀಬೇಡಿ, ಫಾಸ್ಜೀನ್ ಅನ್ನೋ ವಿಷಗಾಳಿ ಬರುತ್ತೆ, ಪ್ರಾಣಕ್ಕೇ ಅಪಾಯ.

ಕಾರಿನ ಬಾಡಿಗೇ ಮೆಷಿನ್ ಕೊಳ್ಳೋದಾದ್ರೆ ನನ್ನ ಓಟು ಗ್ಯಾಸ್ ಮಿಗ್‌ಗೇ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ 200 ಆಂಪ್ಸ್ ನೋಡ್ಬೇಡಿ, ಕೆಳಗೆ ಎಷ್ಟಕ್ಕೆ ಇಳಿಯುತ್ತೆ ಅಂತ ಕೇಳಿ, 30 ಆಂಪ್ಸ್‌ನಲ್ಲೂ ಆರ್ಕ್ ಆರದೆ ನಿಲ್ಲೋ ಮೆಷಿನ್ ಸಿಕ್ರೆ ತಗೊಳ್ಳಿ.